ಬಿರಡೆಗೆ ಹಚ್ಚಿದ ಅರಗು

ಅಂಗಡಿ ಇಟ್ಟವಳು ಸುಳ್ಳು ಹೇಳುವುದಿಲ್ಲ ಅಂದರೆ ಅದೇ ಅವಳ ಮೊದಲ ಸುಳ್ಳು. ಚನ್ನಪಟ್ಟಣದಲ್ಲಿ ಹಳೇ ಮೈಸೂರು ರಸ್ತೆಗೆ ಮುಖ ಮಾಡಿಕೊಂಡಿರುವ ನಮ್ಮ ಬೊಂಬೆ ಅಂಗಡಿಯ ಗಲ್ಲಾದಲ್ಲಿ ಇಪ್ಪತ್ತೇಳು ವರ್ಷದಿಂದ ಕೂತಿದ್ದೇನೆ. "ಇದೇ ಕೊನೇ ಪೀಸು, ನಿಮ್ಮ ಪುಣ್ಯ" ಅನ್ನುತ್ತೇನೆ, ಒಳಗೆ ಗೋಣಿಚೀಲದಲ್ಲಿ ಅಂಥವು ಇನ್ನೂ ನಲವತ್ತು ಇರುತ್ತವೆ. ಗಿರಾಕಿಗೂ ಅದು ಗೊತ್ತಿರುತ್ತದೆ. ಇಂಥದ್ದಕ್ಕೆಲ್ಲ ನನಗೆ ಇವತ್ತಿಗೂ ನಾಚಿಕೆಯಿಲ್ಲ. ನಾಚಿಕೆ ಇರುವುದು ಒಂದೇ ಒಂದು ಸುಳ್ಳಿಗೆ. ಅದನ್ನು ಹೇಳಿದ್ದು ನಮ್ಮ ಅಂಗಡಿಗೆ ಬೊಂಬೆ ಕಡೆದು ಕೊಡುವ ಸಾಹೇಬರಿಗೆ.

ಸಾಹೇಬರಿಗೆ ಈಗ ಎಪ್ಪತ್ತರ ಆಸುಪಾಸು. ಮನೆಯ ಮುಂದಿನ ಕೋಣೆಯೇ ಅವರ ಕಾರ್ಖಾನೆ. ಒಂದು ಲೇತ್ ಮಿಷನ್ನು, ಗೋಡೆಗೆ ಒರಗಿಸಿದ ಆಲೆಮರದ ತುಂಡುಗಳು, ಬಣ್ಣ ಬೆರೆಸಿ ಹೊಸೆದಿಟ್ಟ ಅರಗಿನ ಕಡ್ಡಿಗಳು, ಇಷ್ಟೇ ಅವರ ಆಸ್ತಿ. ಮರದ ತುಂಡು ಗಿರ್ರನೆ ತಿರುಗುತ್ತಿರುವಾಗ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಕೂರುತ್ತದೆ. ಆಮೇಲೆ ಕೇದಗೆ ಗರಿಯಿಂದ ತೀಡಿದರೆ ಮುಖ ನೋಡಿಕೊಳ್ಳುವಷ್ಟು ಹೊಳಪು ಬರುತ್ತದೆ. ಪೇಟೆಯಲ್ಲಿ ಬೇಕಾದಷ್ಟು ಜನ ಕಡೆಯುತ್ತಾರೆ. ಆದರೆ ಸಾಹೇಬರ ಗಿಲಕಿಯ ಮೇಲೆ ಕೈಯಾಡಿಸಿದರೆ ಎಲ್ಲೂ ಒಂದು ಗೀರು ಸಿಕ್ಕುವುದಿಲ್ಲ. ನಮ್ಮ ಅಂಗಡಿಗೆ ಹೆಸರು ಅಂತ ಒಂದಿದ್ದರೆ ಅದು ಅವರ ಕೈಯಿಂದ ಬಂದದ್ದು, ನನ್ನ ಬಾಯಿಯಿಂದ ಅಲ್ಲ.

ಬಾಯಿಯೂ ಸುಮ್ಮನಿರಲಿಲ್ಲ ಅನ್ನಿ. ಗಲ್ಲಾದ ಮೇಲೆ ಯಾವಾಗಲೂ ಒಂದು ಸ್ಟೀಲ್ ಲೋಟದಲ್ಲಿ ನೀರಿಟ್ಟಿರುತ್ತೇನೆ. ಬೆಂಗಳೂರಿನ ತಾಯಂದಿರು ಬಂದು, "ಬಣ್ಣ ಬಿಡುತ್ತಾ, ಮಗು ಬಾಯಿಗೆ ಇಟ್ಟುಕೊಳ್ಳುತ್ತೆ" ಅಂದ ಕೂಡಲೇ ಕೆಂಪು ಗಿಲಕಿ ತೆಗೆದು ಆ ಲೋಟಕ್ಕೆ ಮುಳುಗಿಸುತ್ತೇನೆ. ಬೆಲೆ ಮಾತಾಡಿ ಮುಗಿಯುವವರೆಗೂ ಅದು ನೀರಲ್ಲೇ ಇರುತ್ತದೆ. ಆಮೇಲೆ ತೆಗೆದು ಬಿಳೀ ಕರ್ಚೀಫಿನಲ್ಲಿ ಒತ್ತಿ ಒರೆಸಿ, ಕರ್ಚೀಫು ಬಿಡಿಸಿ ತೋರಿಸುತ್ತೇನೆ. ಒಂದು ಚುಕ್ಕೆ ಇರುವುದಿಲ್ಲ. ಈ ಆಟದಲ್ಲಿ ನಾನು ಒಂದು ಸಲವೂ ಸೋತವಳಲ್ಲ.

ಆದರೆ ಆಟ ನೋಡುವವರೇ ಕಡಿಮೆಯಾದರು. ಹೊಸ ದೊಡ್ಡ ರಸ್ತೆ ಊರಿನ ಹೊರಗೆ ಹೋಯಿತು. ಬಿಡದಿಯ ತಟ್ಟೆ ಇಡ್ಲಿಯವರು, ರಾಮನಗರದವರು, ನಾವು, ಎಲ್ಲರೂ ಒಂದೇ ದಿನ ರಸ್ತೆಯಿಂದ ಆಚೆಗೆ ಬಿದ್ದೆವು. ಮೈಸೂರಿಗೆ ಹೋಗುವ ಕಾರುಗಳಿಗೆ ಈಗ ನಮ್ಮ ಅಂಗಡಿ ಮುಂದೆ ಬ್ರೇಕ್ ಹಾಕುವ ದರ್ದಿಲ್ಲ. ಮಧ್ಯಾಹ್ನ ಬೊಂಬೆಗಳ ಮೇಲಿನ ಧೂಳು ಒರೆಸುವುದೇ ದೊಡ್ಡ ಕೆಲಸವಾಗಿತ್ತು. ಆ ದಿನಗಳಲ್ಲೇ ಒಬ್ಬ ಹೆಂಗಸು ಹುಡುಕಿಕೊಂಡು ಬಂದಳು. ಮೂವತ್ತೈದರ ವಯಸ್ಸು, ಕತ್ತರಿಸಿದ ಕೂದಲು, ಕಾಲಿಗೆ ಕೆಸರಾದ ಬೂಟು. ರಾಮನಗರದಿಂದ ಮಾಗಡಿ ಕಡೆಗೆ ಹೋಗುವ ದಾರಿಯಲ್ಲಿ ಮಾವಿನ ತೋಟದೊಳಗೆ ಸಣ್ಣದೊಂದು ಡಿಸ್ಟಿಲರಿ ಮಾಡಿದ್ದೀನಿ ಅಂದಳು.

"ಬ್ಯಾಟ್ರಿಗೆ ಹಾಕೋ ನೀರು ಮಾಡ್ತಾರಲ್ಲ, ಅದಾ?" ಅಂದೆ.

ಅವಳು ನಕ್ಕಳು. "ಇಲ್ಲ ಆಂಟಿ. ಕುಡಿಯೋದು. ಬೆಲ್ಲದಿಂದ ಮಾಡ್ತೀವಿ. ಲೈಸೆನ್ಸ್ ಇದೆ, ಎಲ್ಲಾ ಇದೆ."

ಬಾಟಲಿಗೆ ಮರದ ಬಿರಡೆ ಬೇಕಾಗಿತ್ತು ಅವಳಿಗೆ. ಮೇಲೆ ಬೊಂಬೆಯ ತಲೆಯಂಥ ಗುಂಡು, ಕೆಳಗೆ ಬಾಟಲಿಯೊಳಕ್ಕೆ ಹೋಗುವ ಮೂತಿ, ಮೂತಿಗೆ ಸುತ್ತ ಕಾರ್ಕಿನ ಬಳೆ. ಚನ್ನಪಟ್ಟಣದ ಕೆಂಪೇ ಬೇಕು ಅಂದಳು. ನಾನು ತಡಮಾಡದೆ ಲೋಟ ಎಳೆದುಕೊಂಡೆ, ಗಿಲಕಿ ಮುಳುಗಿಸಿದೆ, ಕರ್ಚೀಫು ತೋರಿಸಿದೆ. ಅವಳು ಕೈತಟ್ಟಿದಳು. ಹೆಂಡ ಕಾಯಿಸುವ ಒಬ್ಬಳು, ಅರಗು ಮಾರುವ ಒಬ್ಬಳು, ಇಬ್ಬರೂ ನೀರಿನ ಲೋಟ ನೋಡಿಕೊಂಡು ಖುಷಿಪಟ್ಟೆವು. ನಮ್ಮಿಬ್ಬರಿಗೂ ಬೇರೆ ಯೋಚನೆ ಹೊಳೆಯಲೇ ಇಲ್ಲ.

ಬರೋಬ್ಬರಿ ಎರಡು ವರ್ಷದಲ್ಲಿ ಬಂದ ಮೊದಲ ದೊಡ್ಡ ಆರ್ಡರು ಅದು. ಕೊಡಬೇಕಾದ್ದು ಸಾಹೇಬರಿಗೇ, ಬೇರೆ ಕೈಯಲ್ಲಿ ಆ ಹೊಳಪು ಬರುವುದಿಲ್ಲ. ಆದರೆ ಸಾಹೇಬರು ಐದು ಹೊತ್ತು ನಮಾಜು ಮಾಡುವವರು. ಒಂದು ಸಲ ನನ್ನೆದುರಿಗೇ ಯಾವುದೋ ಬಾರಿನವನು ಬಂದು ಟೇಬಲ್ಲಿನ ಮೇಲಿಡೋಕೆ ಮರದ ತಟ್ಟೆ ಕೇಳಿದ್ದ. ಸಾಹೇಬರು ಅವನಿಗೆ ಟೀ ತರಿಸಿಕೊಟ್ಟು, ಊರಿನ ಮಳೆಬೆಳೆ ವಿಚಾರಿಸಿ, ಕೊನೆಗೆ "ಅದೊಂದು ನಮ್ ಕೈಯಲ್ಲಿ ಆಗಲ್ಲ ಸಾರ್" ಅಂತ ಕಳಿಸಿದ್ದರು. ಟೀ ಕುಡಿದು ಹೋದವನಿಗೆ ಬೇಜಾರೂ ಆಗಿರಲಿಲ್ಲ. ಹಾಗಾಗಿ ನಿಜ ಹೇಳಿದರೆ ಏನಾಗುತ್ತದೆ ಅನ್ನುವುದು ನನಗೆ ಗೊತ್ತಿತ್ತು.

ನಕ್ಷೆ ತೆಗೆದುಕೊಂಡು ಹೋದೆ. "ಬಾಟ್ಲಿ ಬಿರಡೆ ಸಾಹೇಬ್ರೆ, ಇಂಗಿರಬೇಕಂತೆ" ಅಂದೆ. ಅವರು ಕನ್ನಡಕ ಏರಿಸಿ ನೋಡಿ, ಬೆರಳಲ್ಲಿ ಅಳತೆ ಹಿಡಿದು, "ಆಯ್ತಮ್ಮ, ಬುಧವಾರ ಬನ್ನಿ" ಅಂದರು. ಅಷ್ಟೇ. ಅವರು ಏನೂ ಕೇಳಲಿಲ್ಲ. ನಾನು ಮೆಟ್ಟಿಲಿಳಿದು ಒಂದು ಕಾಲು ಚಪ್ಪಲಿಗೆ ತೂರಿಸಿದ್ದೆ. ಸುಮ್ಮನೆ ಬಂದುಬಿಟ್ಟಿದ್ದರೆ ಆಗುತ್ತಿತ್ತು. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ತಿರುಗಿ ನಿಂತು ನಾನೇ ಹೇಳಿದೆ: "ಜೇನುತುಪ್ಪದ ಬಾಟ್ಲಿಗೆ. ಮಾಗಡಿ ಕಡೆ ಜೇನು ಸಾಕ್ತಾರಂತೆ."

ಸಾಹೇಬರ ಮುಖ ಅರಳಿತು. "ಜೇನಾ? ಒಳ್ಳೇ ಬರ್ಕತ್ತಿನ ಕೆಲ್ಸ" ಅಂದರು.

ಬುಧವಾರ ಹೋದಾಗ ಬಿರಡೆಗಳನ್ನು ಹಳೇ ಸೀರೆಯ ಮೇಲೆ ಸಾಲಾಗಿ ಮಲಗಿಸಿಟ್ಟಿದ್ದರು. ಒಂದನ್ನು ಎತ್ತಿ ತಲೆಕೆಳಗೆ ಮಾಡಿ ತೋರಿಸಿದರು. ನಕ್ಷೆಯಲ್ಲಿ ಕೆಳಗಿನ ಮೂತಿಗೆ ಬಣ್ಣವಿರಲಿಲ್ಲ. ಇವರು ಅದಕ್ಕೂ ಅರಗು ಹಚ್ಚಿ ತೀಡಿದ್ದರು. "ಬರೀ ಮರ ಬುಟ್ರೆ ಜೇನು ಹೀರ್ಕೊಂತದೆ ಅಮ್ಮ, ಹುಳಿ ಬರ್ತದೆ, ಇರುವೆ ಮುತ್ತುತ್ತೆ. ಅದ್ಕೇ ಕೆಳಕ್ಕೂ ಒಂದು ಕೋಟು ಕೊಟ್ಟಿವ್ನಿ. ಅದಕ್ಕೇನೂ ಜಾಸ್ತಿ ದುಡ್ಡು ಬ್ಯಾಡ." ಕೇಳದೆ ಮಾಡಿದ ಕೆಲಸ, ಎಷ್ಟು ಚೆಂದವಾಗಿತ್ತು. ನಾನು ಹೊಗಳಿದೆ. ಮಿಷನ್ನಿನ ಮೇಲಿದ್ದ ಅವರ ಕೈಗಳ ಫೋಟೋವನ್ನೂ ಮೊಬೈಲಿನಲ್ಲಿ ಹಿಡಿದುಕೊಂಡೆ. ಮುಖ ತೆಗೆಯುವುದು ಅವರಿಗೆ ಇಷ್ಟವಿಲ್ಲ. "ಅಂಗಡಿಗೆ ಇರಲಿ ಅಂತ" ಅಂದೆ. ಆ ಫೋಟೋ ಕೇಳಿದ್ದು ಡಿಸ್ಟಿಲರಿಯವಳು. ಸಂಜೆಯೇ ಅವಳಿಗೆ ಕಳಿಸಿದೆ.

ಒಂದೂವರೆ ತಿಂಗಳು ಕಳೆದಿರಬೇಕು, ಅವಳ ಫೋನು ಬಂತು. "ಆಂಟಿ, ಒಂದ್ಸಲ ಬಂದು ನಮ್ಮ ಜಾಗ ನೋಡಿ. ಏನೋ ತೋರಿಸಬೇಕು." ಇನ್ನೊಂದು ಆರ್ಡರು ಅಂತಲೇ ನನ್ನ ಮನಸ್ಸು ಲೆಕ್ಕ ಹಾಕಿತು. ಮೈಸೂರು ಸಿಲ್ಕು ಉಟ್ಟುಕೊಂಡು ಹೊರಟೆ. ನಮ್ಮವರು ಬಾಗಿಲಲ್ಲಿ ನಿಂತು, "ಕೊರಳಲ್ಲಿ ಲಿಂಗ, ಕಾಲ್ನಡಿಗೆ ಸಾರಾಯಿ ಅಂಗಡಿಗೆ. ನಿಮ್ಮ ಕಲ್ಯದ ಕಡೆಯವರು ನೋಡಿದ್ರೆ ನನ್ನ ಮರ್ಯಾದೆ ಏನಾಗ್ಬೇಕು?" ಅಂತ ರೇಗಿಸಿದರು. ಕಲ್ಯ ನನ್ನ ತವರು, ಮಾಗಡಿ ತಾಲ್ಲೂಕು. "ಕಾಲ್ನಡಿಗೆ ಅಲ್ಲ, ಬಸ್ಸಲ್ಲಿ" ಅಂದು ಹೊರಟೆ.

ರಾಮನಗರದಲ್ಲಿಳಿದು ಆಟೋ ಹಿಡಿದೆ. ಗೇಟಿನಿಂದ ಒಳಕ್ಕೆ ಮಾವಿನ ಸಾಲು, ಅದರಾಚೆ ಶೀಟು ಹೊದಿಸಿದ ಉದ್ದನೆಯ ಶೆಡ್ಡು. ನಾನು ಅಂದುಕೊಂಡಿದ್ದೇ ಬೇರೆ. ನನ್ನ ತಲೆಯಲ್ಲಿ ಹೆಂಡದಂಗಡಿ ಅಂದರೆ ಬಾಗಿಲಿಗೆ ಅರ್ಧ ಪರದೆ, ಮುಂದೆ ಒಡೆದ ಬಾಟಲಿ, ಮೂಗು ಮುಚ್ಚಿಕೊಂಡು ದಾಟುವ ಜಾಗ. ಇಲ್ಲಿ ಕಾಲಿಟ್ಟರೆ ಆಲೆಮನೆಯ ವಾಸನೆ. ದೊಡ್ಡ ಡ್ರಮ್ಮುಗಳಲ್ಲಿ ಬೆಲ್ಲದ ನೀರು ಗುಳುಗುಳು ಅನ್ನುತ್ತಾ ಹುಳಿಯುತ್ತಿತ್ತು. ಅದರಾಚೆ ನಮ್ಮ ಮದುವೆಮನೆ ಹಂಡೆಯನ್ನು ನಾಲ್ಕು ಪಟ್ಟು ದೊಡ್ಡದು ಮಾಡಿದಂಥ ತಾಮ್ರದ ಬಟ್ಟಿ, ಅದರ ನೆತ್ತಿಯಿಂದ ಬಾಗಿ ಬಂದ ಕೊಳವೆ. ಒಬ್ಬ ಅದರ ಹೊಟ್ಟೆಯೊಳಗೆ ಸೊಂಟದವರೆಗೂ ಇಳಿದು ತಿಕ್ಕುತ್ತಿದ್ದ. ಕನಕಪುರ ಕಡೆಯವನು, ಬಟ್ಟಿ ಇಳಿಸುವವನು ಅವನೇ ಅಂತ ಅವಳು ಪರಿಚಯ ಮಾಡಿಸಿದಳು.

ಬಟ್ಟಿ ಹೇಗೆ ಇಳಿಸುತ್ತಾರೆ ಅನ್ನುವುದನ್ನು ಅವಳು ನಿಧಾನವಾಗಿ ಹೇಳಿದಳು. ಮೊದಲು ಬರುವುದು ವಿಷ, ಅದನ್ನು ಚೆಲ್ಲಬೇಕು. ಕೊನೆಗೆ ಬರುವುದು ಕಮಟು, ಅದನ್ನೂ ತೆಗೆದಿಡಬೇಕು. ನಡುವಿನದ್ದು ಮಾತ್ರ ಬಾಟಲಿಗೆ. ಯಾವಾಗ ಮೊದಲು ಮುಗಿದು ನಡು ಶುರುವಾಯಿತು ಅನ್ನುವುದಕ್ಕೆ ಮೀಟರು ಇದೆಯಂತೆ, ಆದರೂ ಕೊನೆಯ ಮಾತು ಆ ಕನಕಪುರದವನ ಮೂಗಿನದಂತೆ. ಕೇಳುತ್ತಾ ನನಗೆ ಸಾಹೇಬರೇ ಕಣ್ಣೆದುರು ಬಂದರು. ಅರಗು ಯಾವಾಗ ಸಾಕು ಅನ್ನುವುದನ್ನು ಅವರೂ ಹೀಗೆಯೇ ಬೆರಳಲ್ಲಿ ತಿಳಿದುಕೊಳ್ಳುತ್ತಾರೆ. ಇದೂ ಒಂದು ಕಸುಬೇ ಅಲ್ಲವೇ, ಇಷ್ಟು ಶ್ರದ್ಧೆ ನೋಡಿದ್ದರೆ ಅವರೂ ಒಪ್ಪುತ್ತಿದ್ದರೋ ಏನೋ, ನನ್ನ ಸುಳ್ಳು ಅಷ್ಟೇನೂ ದೊಡ್ಡದಲ್ಲ ಅಂತ ನನ್ನ ಪರ ನಾನೇ ವಕೀಲಿ ಮಾಡಿಕೊಳ್ಳುತ್ತಾ ನಡೆದೆ. ರುಚಿ ನೋಡುವ ಕೋಣೆಯ ಬಾಗಿಲವರೆಗೂ ಈ ವಕೀಲಿ ನಡೆಯಿತು.

ಆ ಕೋಣೆ ತಂಪಾಗಿತ್ತು. ಉದ್ದನೆಯ ಮಾವಿನ ಹಲಗೆಯ ಕಟ್ಟೆ, ಅದರ ಮೇಲೆ ಮೊಗ್ಗಿನಂಥ ಪುಟ್ಟ ಗಾಜಿನ ಲೋಟಗಳು, ಒಂದು ಬಟ್ಟಲಲ್ಲಿ ಕಡ್ಲೆಪುರಿ. ಗೋಡೆಗೆ ಮರದ ಗೂಡುಗಳು, ಗೂಡುಗಳಲ್ಲಿ ಬಾಟಲಿಗಳು, ಬಾಟಲಿಗಳ ನೆತ್ತಿಯಲ್ಲಿ ನಮ್ಮ ಕೆಂಪು ಬಿರಡೆ. ಗೂಡುಗಳ ನಡುವೆ ಒಂದು ದೊಡ್ಡ ಚೌಕಟ್ಟು ಹಾಕಿದ ಫೋಟೋ. ಸಾಹೇಬರ ಕೈಗಳು.

ಮೊಬೈಲಿನಲ್ಲಿ ಬೆರಳುದ್ದ ಇದ್ದದ್ದು ಇಲ್ಲಿ ಕಿಟಕಿಯಷ್ಟಾಗಿತ್ತು. ಅರಗಿನ ಕಡ್ಡಿ ಹಿಡಿದ ಹೆಬ್ಬೆರಳು, ಮಣಿಕಟ್ಟಿನ ಬಿಳೀ ಕೂದಲು, ಉಗುರಿನ ಸಂದಿಯ ಕೆಂಪು, ಎಲ್ಲಾ ಕಾಣುತ್ತಿತ್ತು. ಕೆಳಗೆ ಅವರ ಹೆಸರು, ಊರು. ದಿನಕ್ಕೆ ಐದು ಸಲ ತೊಳೆದು ಮೇಲೆತ್ತುವ ಕೈಗಳನ್ನು ತಂದು ಕುಡಿಯುವ ಕೋಣೆಯಲ್ಲಿ ನೇತುಹಾಕಿಸಿದವಳು ನಾನು. ಚೆನ್ನಾಗಿದೆಯಾ ಅಂತ ಅವಳು ಕೇಳಿದಳು. ಚೆನ್ನಾಗಿದೆ ಅಂದೆ.

ಅವಳು ಲೋಟಕ್ಕೆ ಒಂದು ಗುಟುಕಿನಷ್ಟು ಸುರಿದು ಮುಂದಿಟ್ಟಳು. ನಾನು ಕುಡಿಯುವುದಿಲ್ಲ ಅಂದೆ. "ಕುಡೀಬೇಡಿ, ಬರೀ ಮೂಸಿ. ಬಾಯಿ ಒಸಿ ತೆರೆದುಕೊಂಡು ಮೂಸಿ" ಅಂದಳು. ಒಸಿ ಅನ್ನುವ ಮಾತು ಅವಳಿಗೆ ಇಲ್ಲೇ ಬಂದು ಅಂಟಿದ್ದು. ಹಾಗೇ ಮಾಡಿದೆ. ಮೊದಲು ಹೇರಳೆಕಾಯಿ ಸಿಪ್ಪೆ, ಆಮೇಲೆ ಹುರಿದ ಕೊತ್ತಂಬರಿ ಬೀಜ, ಎಲ್ಲಕ್ಕೂ ಕೆಳಗೆ ಬಿಸಿ ಬೆಲ್ಲ. ಸುಳ್ಳೇಕೆ ಹೇಳಲಿ, ಪರಿಮಳ ಚೆನ್ನಾಗಿತ್ತು. ನೀರಿನಷ್ಟು ತಿಳಿಯಾಗಿತ್ತು.

"ಈಗ ಇದನ್ನ ನೋಡಿ" ಅಂತ ಗೂಡಿನಲ್ಲಿ ಅಡ್ಡ ಮಲಗಿಸಿದ್ದ ಒಂದು ಬಾಟಲಿ ತೆಗೆದು ಕಟ್ಟೆಯ ಮೇಲಿಟ್ಟಳು. ಒಳಗಿದ್ದದ್ದು ಕಲ್ಲಂಗಡಿ ತೊಳೆದ ನೀರಿನ ಹಾಗಿತ್ತು, ತೆಳು ಕೆಂಪು, ಕದಡಿಕೊಂಡಿತ್ತು. ನಿಲ್ಲಿಸಿಟ್ಟವು ಸರಿಯಾಗಿವೆ, ಪೆಟ್ಟಿಗೆಯಲ್ಲಿ ಅಡ್ಡ ಮಲಗಿಸಿದವು ಹೀಗಾಗಿವೆ, ಆ ಪೆಟ್ಟಿಗೆಗಳಿಗೆ ತುಂಬಿದ ಬಟ್ಟಿಯೇ ಕೆಟ್ಟಿರಬೇಕು ಅಂದಳು. ನೀರು ಬದಲಿಸಿ ನೋಡಿದ್ದಾಳೆ, ಸಿಪ್ಪೆ ಬದಲಿಸಿದ್ದಾಳೆ. ಅಷ್ಟರಲ್ಲಿ ಆ ಕನಕಪುರದವನೂ ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದ. "ನಂದೇನ್ ತಪ್ಪಿಲ್ಲ ಕಣಕ್ಕ. ಮೂರ್ ದಿನದಿಂದ ತಾಮ್ರ ಸವೆಯೋ ಗಂಟ ತೊಳೀತಾ ಇವ್ನಿ" ಅಂದ. ಅವಳು ಅವನ ಮುಖ ನೋಡಲಿಲ್ಲ. ತಪ್ಪು ಅವನದೇ ಅಂತ ಅವಳು ನಂಬಿಕೊಂಡದ್ದು ನನಗೆ ಗೊತ್ತಾಯಿತು.

ಅವಳು ಬಿರಡೆ ಎಳೆದಳು. ಅದು ಸಲೀಸಾಗಿ ಬರಲಿಲ್ಲ, ಅಂಟಂಟಾಗಿ ಬಂತು. ಜೊತೆಗೇ ಒಂದು ವಾಸನೆ ನನ್ನ ಮೂಗಿಗೆ ಬಡಿಯಿತು. ನಮ್ಮ ಮನೆ ಬಾಗಿಲುಗಳಿಗೆ ಬಡಗಿಗಳು ಪಾಲಿಶ್ ಹೊಡೆಯುವಾಗ ಬರುವ ವಾಸನೆ. ಪಾಲಿಶ್ ಅಂದರೆ ಏನು? ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗು. ಸಾಹೇಬರ ಮನೆಯಲ್ಲಿ ಉಳಿಗೆ ಮೆತ್ತಿದ ಅರಗು ಬಿಡಿಸೋಕೆ ಒಂದು ಸೀಸೆ ಸ್ಪಿರಿಟ್ಟು ಯಾವಾಗಲೂ ಇರುತ್ತದೆ. ಇಪ್ಪತ್ತೇಳು ವರ್ಷ ಅರಗು ಮಾರಿದ್ದೇನೆ, ಇದು ನನಗೆ ಗೊತ್ತಿಲ್ಲದ್ದಲ್ಲ. ಗೊತ್ತಿದ್ದದ್ದು ತಲೆಯ ಒಂದು ಮೂಲೆಯಲ್ಲಿತ್ತು, ಆರ್ಡರಿನ ಆಸೆ ಇನ್ನೊಂದು ಮೂಲೆಯಲ್ಲಿತ್ತು.

"ನೀರು ಬೆರೆಸದೇ ಇರೋ ಸ್ಪಿರಿಟ್ ಒಸಿ ತಾರಪ್ಪ" ಅಂದೆ ಆ ಬಟ್ಟಿಯವನಿಗೆ. ತಂದ. ರುಚಿ ನೋಡುವ ಪುಟ್ಟ ಲೋಟಕ್ಕೆ ಸುರಿದು, ಹೊಸ ಬಿರಡೆಯೊಂದನ್ನು ಅದರಲ್ಲಿ ತಲೆಕೆಳಗೆ ಇಳಿಬಿಟ್ಟೆ. ಮೂವರೂ ಕಾದೆವು. ಮೊದಲು ಒಂದು ಎಳೆ ಇಳಿಯಿತು, ಆಮೇಲೆ ಲೋಟದ ತಳ ಕೆಂಪಾಯಿತು. ತೆಗೆದು ಸೆರಗಿನಲ್ಲಿದ್ದ ನನ್ನ ಬಿಳೀ ಕರ್ಚೀಫಿನಲ್ಲಿ ಒರೆಸಿದೆ. ಕುಂಕುಮ ಚೆಲ್ಲಿದ ಹಾಗೆ ಆಯಿತು. ಬಿಡಿಸಿ ಅವಳಿಗೆ ತೋರಿಸಿದೆ.

ಅವಳು ಬೈಯುತ್ತಾಳೆ ಅಂದುಕೊಂಡೆ. ಅವಳು ಕುರ್ಚಿಯಲ್ಲಿ ಕುಸಿದು, "ಅಂದ್ರೆ ನನ್ನ ಬಟ್ಟಿ ಕೆಟ್ಟಿಲ್ಲ?" ಅಂತ ಮೂರು ಸಲ ಕೇಳಿ ನಗೋಕೆ ಶುರು ಮಾಡಿದಳು. ಬಟ್ಟಿಯವನು "ನೋಡುದ್ರಾ, ನೋಡುದ್ರಾ" ಅನ್ನುತ್ತಾ ಕಡ್ಲೆಪುರಿಗೆ ಕೈಹಾಕಿದ. ನಗು ಮುಗಿದ ಮೇಲೆ ಅವಳು ಗೋಡೆಯ ಕಡೆ ನೋಡಿ ಕೇಳಿದಳು: "ಆದ್ರೆ ಅಷ್ಟು ದೊಡ್ಡ ಕೆಲಸಗಾರರು, ಅವರಿಗೆ ಇದು ಗೊತ್ತಾಗಲಿಲ್ವಾ?"

ನನ್ನ ಬಾಯಿ ನನಗಿಂತ ಮುಂದೆ ಓಡಿತು. "ವಯಸ್ಸಾಯ್ತು ಅವರಿಗೆ" ಅಂದೆ.

ಅವಳು ಪಾಪ ಅನ್ನುವ ಹಾಗೆ ತಲೆಯಾಡಿಸಿದಳು. ಇನ್ನು ಮೇಲೆ ಮೂತಿಗೆ ಬಣ್ಣ ಬೇಡ, ಬೇರೆ ಮಾಡಿಸೋಣ ಅಂತೇನೇನೋ ಮಾತಾಯಿತು. ನಾನು ಎದ್ದು ಬಂದೆ. ಮಾವಿನ ಸಾಲು ದಾಟಿ ಗೇಟಿನವರೆಗೂ ಬಂದೆ. ಆಟೋದವನು ಎದುರಿಗೇ ಇದ್ದ. ಹತ್ತಲಾಗಲಿಲ್ಲ. ಇಪ್ಪತ್ತೇಳು ವರ್ಷ ಯಾರ ಕೈಯ ಅನ್ನ ಉಂಡೆನೋ ಆ ಕೈ ನಡುಗುತ್ತದೆ ಅಂತ ಹೇಳಿ ಬಂದಿದ್ದೆ. ಒಂದು ಸುಳ್ಳಿನಿಂದ ಅವರ ಕೆಲಸ ಕೆಡಿಸಿದೆ, ಇನ್ನೊಂದರಿಂದ ಅವರ ಹೆಸರು ಕೆಡಿಸಿದೆ. ನನ್ನ ಮೇಲೆ ನನಗೇ ಎಂಥಾ ಸಿಟ್ಟು ಬಂತೆಂದರೆ, ಆಟೋದವನು "ಹತ್ತಿ ಅಕ್ಕ" ಅಂದದ್ದಕ್ಕೆ ಅವನ ಮೇಲೆ ರೇಗಿದೆ. ಸೀರೆ ಎತ್ತಿ ಹಿಡಿದು ವಾಪಸ್ಸು ನಡೆದೆ.

ಅವಳ ಮುಂದೆ ನಿಂತು ಎಲ್ಲಾ ಹೇಳಿದೆ. ಜೇನು ಅಂತ ಹೇಳಿ ಮಾಡಿಸಿದ್ದು, ಜೇನು ಅಂತಲೇ ಅವರು ಮೂತಿಗೂ ಅರಗು ಕೊಟ್ಟಿದ್ದು, ಫೋಟೋ ಇಲ್ಲಿಗೆ ಅಂತ ಅವರಿಗೆ ಗೊತ್ತಿಲ್ಲದ್ದು. "ಸ್ಪಿರಿಟ್ ಅಂತ ಒಂದು ಮಾತು ಕಿವಿಗೆ ಬಿದ್ದಿದ್ರೆ ಅವರು ಕಣ್ಣು ಮುಚ್ಚಿಕೊಂಡು ಹೇಳೋರು, ಅರಗು ಬೇಡ ಅಂತ. ತಪ್ಪು ನಂದು, ಅವರದ್ದಲ್ಲ" ಅಂದೆ. ಅವಳು ಸ್ಟೂಲು ಹಾಕಿಕೊಂಡು ಹತ್ತಿ ಫೋಟೋ ಇಳಿಸಿದಳು. ಹಳೇ ಪೇಪರಿನಲ್ಲಿ ಸುತ್ತಿ ಕೊಟ್ಟಳು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ.

ಎರಡು ದಿನ ಸಾಹೇಬರ ಬೀದಿಗೆ ಕಾಲಿಡಲಿಲ್ಲ. ಯಾಕೆಂದರೆ ಅವರು ಇನ್ನು ನನಗೆ ಕಡೆದುಕೊಡುವುದಿಲ್ಲ ಅಂದರೆ ನನ್ನ ಅಂಗಡಿ ಇದ್ದೂ ಇಲ್ಲದ ಹಾಗೆ. ಬೊಂಬೆ ಬೇರೆಯವರೂ ಮಾಡುತ್ತಾರೆ, ಅದಲ್ಲ. ನನ್ನ ಮದುವೆಯಾದ ಹೊಸದರಲ್ಲಿ ಯಾವ ಮರ ಹಸಿ, ಯಾವುದು ಒಣಗಿದ್ದು ಅಂತ ಉಗುರಲ್ಲಿ ಗೀರಿ ಕಲಿಸಿಕೊಟ್ಟವರು ಅವರು. ಅವರ ಮುಖ ತಪ್ಪಿಸಿಕೊಂಡು ಈ ಊರಿನಲ್ಲಿ ನಾನು ಹೇಗೆ ವ್ಯಾಪಾರ ಮಾಡಲಿ? ಮೂರನೇ ದಿನ ಬೆಳಗ್ಗೆ, ಫೋಟೋ ಕಂಕುಳಲ್ಲಿ ಇಟ್ಟುಕೊಂಡು ಹೋದೆ.

ಅವರು ಚೆಸ್ಸಿನ ಕುದುರೆಗಳ ಪೀಠ ಕಡೆಯುತ್ತಿದ್ದರು. ಮಿಷನ್ನು ನಿಲ್ಲಿಸುವವರೆಗೂ ಕಾಯಲಿಲ್ಲ. ಆ ಸದ್ದಿನಲ್ಲೇ ಹೇಳೋಕೆ ಶುರು ಮಾಡಿದೆ. ಸ್ವಿಚ್ಚು ಆರಿಸಿದರು. ಮೊದಲಿಂದ ಹೇಳಿದೆ. "ವಯಸ್ಸಾಯ್ತು" ಅಂದದ್ದನ್ನೂ ಬಿಡಲಿಲ್ಲ. ಪೇಪರು ಬಿಡಿಸಿ ಫೋಟೋ ಮುಂದಿಟ್ಟೆ. ಸಾಹೇಬರು ಕನ್ನಡಕ ಏರಿಸಿ ಅದನ್ನು ನೋಡಿದರು.

"ಕೈ ಚೆನ್ನಾಗಿ ಬಂದೈತೆ" ಅಂದರು. ಆಮೇಲೆ ಕೇಳಿದರು, "ಎಷ್ಟು ಕರಗ್ತು?"

"ಮಲಗಿಸಿದ್ದವೆಲ್ಲಾ."

"ಕರಗ್ದೆ ಇನ್ನೇನು. ಸ್ಪಿರಿಟ್ಟಲ್ಲಿ ಅರಗು ನಿಲ್ತದಾ?" ತಮ್ಮ ಮೂರ್ಖತನವೇನೋ ಅನ್ನುವ ಹಾಗೆ ಹಣೆ ಉಜ್ಜಿಕೊಂಡರು. "ಗೊತ್ತಿದ್ರೆ ಅದಕ್ಕೆ ಹಚ್ತಿರ್ಲಿಲ್ಲ."

"ಗೊತ್ತಿದ್ರೆ ನೀವು ಮಾಡ್ತಾನೇ ಇರ್ಲಿಲ್ಲವಲ್ಲ ಸಾಹೇಬ್ರೆ" ಅಂದೆ. ಅದು ನೆಪ ಹೇಳಿದ ಹಾಗೆ ಕೇಳಿಸಿತು. ನೆಪವೇ ಆಗಿತ್ತು.

"ಮಾಡ್ತಿರ್ಲಿಲ್ಲ. ಆದ್ರೆ ಅರಗು ಬ್ಯಾಡ, ಬರೀ ಮರ ತೀಡಿ ಬುಡಿ ಅಂತ ಹೇಳ್ತಿದ್ದೆ. ಯಾರತ್ರ ಮಾಡಿಸ್ಬೇಕು ಅಂತಾನೂ ಹೇಳ್ತಿದ್ದೆ." ದನಿ ಏರಲಿಲ್ಲ. "ನಂಗೆ ಪಾಪ ಬರಲ್ಲ ಅಮ್ಮ, ಗೊತ್ತಿಲ್ದೆ ಮಾಡಿದ್ದು. ಆದ್ರೆ ಆಯ್ತು ಅನ್ನೋದು, ಬ್ಯಾಡ ಅನ್ನೋದು ನನ್ ಕೆಲ್ಸ. ಅದನ್ನೂ ನೀವೇ ಮಾಡ್ಬುಟ್ರಿ."

ನನಗೆ ಅಳು ಬೇಗ ಬರುವುದಿಲ್ಲ, ಸಿಟ್ಟು ಬರುತ್ತದೆ. ಅವತ್ತು ಅಳು ಬಂತು. ಒಳಗಿನಿಂದ ಟೀ ತರಿಸಿದರು. ಬೈದು ಕಳಿಸಿದ್ದರೆ ಹಗುರಾಗುತ್ತಿತ್ತು. ಹಿಂದಿನ ಬೀದಿಯ ಇನ್ನೊಬ್ಬ ಕೆಲಸಗಾರನ ಹೆಸರು ಹೇಳಿ, ಮೂತಿಗೆ ಎಷ್ಟು ಗಾತ್ರ ಇರಬೇಕು, ಮರ ಎಷ್ಟು ಒಣಗಿರಬೇಕು ಅಂತ ಅಳತೆ ಸಮೇತ ಹೇಳಿಕೊಟ್ಟರು. ಬಿರಡೆಗಳು ಈಗ ಅಲ್ಲೇ ಆಗುತ್ತವೆ, ಬಣ್ಣವಿಲ್ಲದ ಬರೀ ಮರದವು. ಡಿಸ್ಟಿಲರಿಯವಳಿಗೆ ಅವೇ ಹೆಚ್ಚು ಇಷ್ಟವಾಗಿವೆ. ನನ್ನ ಬೊಂಬೆಗಳ ಕೆಲಸವನ್ನು ಸಾಹೇಬರು ಬಿಡಲಿಲ್ಲ. ಬುಧವಾರಕ್ಕೆ ಅಂದರೆ ಬುಧವಾರಕ್ಕೆ ಕೊಡುತ್ತಾರೆ, ಹೊಳಪು ಒಂದು ಕೂದಲೆಳೆ ಕಡಿಮೆಯಾಗಿಲ್ಲ. ಎಲ್ಲಾ ಮೊದಲಿನ ಹಾಗೇ ಇದೆ ಅಂತ ನಮ್ಮವರಿಗೂ ಹೇಳಿದೆ.

ಅದಾದ ಎರಡು ವಾರಕ್ಕೆ ಗಿಲಕಿ ಬೇಕು ಅಂತ ಹೋದೆ. ಸಾಹೇಬರು ಮಿಷನ್ನು ನಿಲ್ಲಿಸಿ, "ಯಾತಕ್ಕಮ್ಮ?" ಅಂದರು. ತಮಾಷೆ ಅಂದುಕೊಂಡು ನಕ್ಕೆ. ಅವರು ನಗಲಿಲ್ಲ, ಕಾಯುತ್ತಿದ್ದರು. "ಮಕ್ಕಳಿಗೆ ಸಾಹೇಬ್ರೆ, ಆಡೋಕೆ" ಅಂದೆ. "ಸರಿ" ಅಂದು ಮಿಷನ್ನು ಶುರು ಮಾಡಿದರು. ಅವತ್ತಿನಿಂದ ಪ್ರತಿ ಸಲವೂ ಕೇಳುತ್ತಾರೆ. ಬುಗುರಿ ಕೇಳಿದರೂ, ಪೆನ್ಸಿಲ್ ಟೋಪಿ ಕೇಳಿದರೂ. ದನಿಯಲ್ಲಿ ಸಿಟ್ಟಿಲ್ಲ, ಕೊಂಕಿಲ್ಲ. ನಾನು ಹೇಳುವವರೆಗೂ ನನ್ನ ಮುಖವನ್ನೇ ನೋಡುತ್ತಿರುತ್ತಾರೆ, ಹೇಳಿದ ಮೇಲೆ ಕೆಲಸ ಶುರು ಮಾಡುತ್ತಾರೆ.

ಮೊನ್ನೆ ನನ್ನ ಮೊಮ್ಮಗಳಿಗೆ ನಡೆದಾಡುವ ಮೂರು ಗಾಲಿಯ ಗಾಡಿ ಬೇಕು ಅಂತ ಹೋಗಿದ್ದೆ. ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಹೋಗಿದ್ದೆ. ಸಾಹೇಬರು ಕೈಯ ಮರದ ಪುಡಿ ಒರೆಸಿಕೊಂಡು ಅದರ ಗಲ್ಲ ಹಿಡಿದು ಮಾತಾಡಿಸಿದರು, ಹಲ್ಲು ಎಷ್ಟು ಬಂದಿದೆ ಅಂತ ಬಾಯಿ ತೆರೆಸಿ ನೋಡಿದರು, ಅದರ ಎತ್ತರವನ್ನು ಗೇಣಿನಲ್ಲಿ ಅಳೆದುಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ಯಾತಕ್ಕಮ್ಮ?" ಅಂದರು.

ಸೊಂಟದ ಮೇಲಿದ್ದ ಮಗುವನ್ನು ತೋರಿಸಿ, ಇವಳಿಗೆ ಸಾಹೇಬ್ರೆ, ಅಂದೆ.